ನಲವತ್ತು ಸಾವಿರಕ್ಕೆ ಎರಡು ಗಜ

ಫಲಕದ ಮೇಲೆ, ಆಟಕ್ಕಿಳಿದಾಗಿನಿಂದ ನಾನು ಎಸೆದು ಗಳಿಸಿದ ಗಜಗಳ ಅಂಕಿ ಇಳಿದಿದೆ, ಯಾರೂ ನೋಡಿದಂತಿಲ್ಲ, ನಾನು ನೋಡಿದೆ, ನಲವತ್ತು ಸಾವಿರಕ್ಕೆ ಎರಡು ಗಜ ಕಡಿಮೆ — ಈಗಷ್ಟೇ ಎರಡು ಗಜ ಹೆಚ್ಚಿತ್ತಲ್ಲ, ಆಟ ನಿಲ್ಲಿಸಿ ಚೆಂಡನ್ನು ನನ್ನ ಕೈಗೇ ಕೊಟ್ಟರು, ಕ್ರೀಡಾಂಗಣವೆಲ್ಲ ಎದ್ದು ನಿಂತಿತು, ಬೇಲಿಯವರೆಗೆ ಕುಂಟುತ್ತ ಹೋಗಿ ಅದನ್ನು ಜನೀನ್ ಮಡಿಲಿಗೆ ಹಾಕಿದೆ, ಇಷ್ಟು ವರ್ಷ ನನ್ನ ಮಂಡಿಗೆ ಐಸ್ ಕಟ್ಟಿದ ಹೆಂಡತಿ, ಅತ್ತಳು — ಮರುಕ್ಷಣವೇ ನಮ್ಮ ತಂಡದ ಹುಡುಗ ಓಡಮ್‌ಗೆ ಗೇಣುದ್ದದ ಒಂದು ಎಸೆತ, ಅವನು ಹಿಡಿಯದೆ ಬಿಟ್ಟಿದ್ದರೆ ಏನೂ ಕಳೆಯುತ್ತಿರಲಿಲ್ಲ, ಹಿಡಿದ, ತಪ್ಪಿಸಿಕೊಳ್ಳಲು ಹಿಂದಕ್ಕೆ ಓಡಿ ಬಿದ್ದ, ನಾಲ್ಕು ಗಜ ಹಿಂದೆ, ಅಷ್ಟೂ ಎಸೆದವನ ಲೆಕ್ಕದಿಂದ ಕಡಿತ. ಮೊದಲ ಗಜ ಯಾವ ಊರಿನಲ್ಲಿ ಸಿಕ್ಕಿತೋ ನೆನಪಿಲ್ಲ, ತಿಂದ ಪೆಟ್ಟುಗಳೆಲ್ಲ ನೆನಪಿವೆ, ಇದೇ ಕೊನೆಯ ಪಂದ್ಯ, ನಾಳೆಯಿಂದ ನಾನು ತಂಡಕ್ಕೆ ಚೆಂಡೆಸೆದುಕೊಡುವ ಕ್ವಾರ್ಟರ್‌ಬ್ಯಾಕ್ ಅಲ್ಲ, ಮಂಡಿನೋವಿನ ಗಂಡಸು, ಅಷ್ಟೆ.

ಹೆಲ್ಮೆಟ್ ಒಳಗಿನ ಸ್ಪೀಕರ್‌ನಲ್ಲಿ ಕೋಚ್ ಲಿಂಡ್‌ಕ್ವಿಸ್ಟ್ ದನಿ, ಚೆಂಡು ಹಿಡ್ಕೊಂಡು ಮಂಡಿ ಊರು ವೇಡ್, ಗೆದ್ದಾಯ್ತು, ಒಂದ್ಸಲ ಊರಿದ್ರೆ ಟೈಮ್ ಮುಗಿಯುತ್ತೆ. ಅಂಕಿ ಕಂಡಿದ್ದರೂ ಅವನು ಇದನ್ನೇ ಹೇಳುತ್ತಿದ್ದ, ಹೇಳಬೇಕಾದ್ದೂ ಇದನ್ನೇ. ಎಲ್ಲರೂ ಸುತ್ತುಗಟ್ಟಿ ನಿಂತಾಗ ಓಡಮ್ ತಲೆ ಎತ್ತುವುದಿಲ್ಲ, ಹಾಗಾದರೆ ಅವನೂ ನೋಡಿದ್ದಾನೆ, ಗೊಣಗುತ್ತಾನೆ, ಮುದುಕಪ್ಪ, ನನ್ ಕಡೆ ಎಸಿ, ಕಳೆದೋನು ನಾನು, ನಾನೇ ತಂದ್ಕೊಡ್ತೀನಿ. ಬಾಯ್ಮುಚ್ಕೊಂಡು ನಿಂತ್ಕೋ ಅಂದೆ, ಆಸೆ ನನಗೂ ಇದೆ, ನಾಚಿಕೆಗೆಟ್ಟಷ್ಟಿದೆ. ಎಸೆದರೆ ಸಿಗುತ್ತದೆ, ಖಂಡಿತ, ಎದುರಿನವರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾರೆ, ಮಂಡಿ ಊರುವವನನ್ನು ಯಾರೂ ಕೆಡವುವುದಿಲ್ಲ, ಊರುತ್ತೇನೆಂದು ನಿಂತವನು ಎಸೆಯುವುದೂ ಇಲ್ಲ, ನಿಯಮದಲ್ಲಿ ಬರೆದಿಲ್ಲ, ಆದರೂ ಎಲ್ಲರಿಗೂ ಗೊತ್ತು. ಅಗೋ ಆ ಕಡೆಯ ತುಪೋ, ಪ್ರತಿ ಪಂದ್ಯದಲ್ಲೂ ನನ್ನ ಪಕ್ಕೆಲುಬು ಮುರಿಯಲು ಬಂದವನು, ಇವತ್ತು ನೆಟ್ಟಗೆ ನಿಂತು, ಮನೇಗ್ ಹೋಗಿ ಮಲ್ಕೋ ಮುದುಕ, ನಿನ್ನ ಕೆಡವಿ ಕೆಡವಿ ನಂಗೂ ಸುಸ್ತು, ನಗುತ್ತಾನೆ, ಇಂಥವನಿಗೆ ಹೇಗೆ ಮೋಸ ಮಾಡಲಿ — ಚೆಂಡು ಕೈಗೆ ಬಂತು, ಬೆರಳು ತಾನಾಗಿ ಹೊಲಿಗೆ ಹುಡುಕಿತು, ಭುಜ ಎದ್ದಿತು, ಒಂದಿಷ್ಟು ಎದ್ದಿತು, ಸಾಕು, ಸಾಕಾಗಿದೆ ನನಗೆ, ಮಂಡಿ ಊರಿದೆ, ಹುಲ್ಲು, ನೋವು, ಸೀಟಿ, ತುಪೋ ಬೆನ್ನು ತಟ್ಟಿದ, ಏಳಲಾರೆ, ಏಳುವುದು ಬೇಡ, ಆದರೆ ಎಡಗಡೆ, ಅಷ್ಟು ದೂರದಲ್ಲಿ, ಓಡಮ್, ನಿಲ್ಲೆಂದರೂ ಓಡಿಬಿಟ್ಟಿದ್ದಾನೆ, ಸುತ್ತ ಯಾರೂ ಇಲ್ಲ, ನನ್ನತ್ತ ತಿರುಗಿ ಎರಡೂ ಕೈ ಚಾಚಿದ್ದಾನೆ, ಎಲ್ಲರೂ ಅಪ್ಪಿಕೊಳ್ಳುತ್ತಿದ್ದಾರೆ, ಅವನು ಕೈ ಇಳಿಸುತ್ತಿಲ್ಲ, ಆ ಕೈ, ಇನ್ನೂ ಇಳಿಸಿಲ್ಲ, ಆ ಖಾಲಿ ಕೈ