ಚಕ್ರದಡಿಯ ನಿಂಬೆಹಣ್ಣು

ನನ್ನ ಗಂಡ ಜಯಶೀಲರಿಗೆ ಬುದ್ಧಿ ಇಲ್ಲವೆಂದಲ್ಲ. ಇದೆ. ಆದರೆ ತಾಯಿಯ ಎದುರು ಮಾತ್ರ ಅದು ರಜೆ ಹಾಕಿ ಕೂರುತ್ತದೆ.

ಈ ಸಲ ನವರಾತ್ರಿಯಲ್ಲೂ ಮಳೆ ಬಿಡಲಿಲ್ಲ. ಮುಂಬೈ ಹತ್ತಿರದ ಠಾಕುರ್ಲಿಯ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿಗೆ ಗಟಾರದ ನೀರು ನುಗ್ಗಿ, ನಮ್ಮ ಕಾರು ಇಡೀ ರಾತ್ರಿ ಹೆಡ್‌ಲೈಟಿನವರೆಗೆ ಮುಳುಗಿ ನಿಂತಿತು. ಅದು ತಿರುಗಾಟದ ಕಾರಲ್ಲ. ಹಿಂದಿನ ಸೀಟು ಕಿತ್ತು ಹಾಕಿ, ದಿನಾ ಬೆಳಿಗ್ಗೆ ಇಡ್ಲಿ, ಸಾಂಬಾರಿನ ಡಬ್ಬಗಳನ್ನು ತುಂಬಿ ಮಹಾಪೆಯ ಒಂದು ಆಫೀಸಿನ ಕ್ಯಾಂಟೀನಿಗೆ ಒಯ್ಯುತ್ತೇವೆ. ಆ ಕ್ಯಾಂಟೀನೇ ನಮ್ಮ ಅನ್ನ. ದಸರೆ ಮುಗಿದು ಆಫೀಸು ತೆರೆದ ಮೇಲೆ ತಿಂಡಿ ತಪ್ಪಿದರೂ ತಡವಾದರೂ ಬೇರೆ ಕೇಟರರ್‌ ನೋಡಿಕೊಳ್ಳುತ್ತೇವೆ ಎಂದು ಅಲ್ಲಿಯ ಮ್ಯಾನೇಜರ್ ಮೊದಲೇ ಹೇಳಿಟ್ಟಿದ್ದ.

ನಮ್ಮ ಮೆಕ್ಯಾನಿಕ್ ಸೈದಪ್ಪನ ಗ್ಯಾರೇಜು ಪಕ್ಕದ ಕಲ್ಯಾಣದಲ್ಲಿದೆ. ಕಲಬುರಗಿ ಕಡೆಯವನು. ಫೋನ್ ಮಾಡಿದೆ.

"ಅಕ್ಕಾರ, ಇಂಜಿನ್ನ್ಯಾಗ ನೀರು ಹೊಕ್ಕಿರ್ತದ. ನಾ ಬಂದು ನೀರು ತಗಿಯೋ ತನಕ ಯಾರೂ ಚಾವಿ ಹಚ್ಚಬ್ಯಾಡ್ರಿ."

"ಹಾಗಾದ್ರೆ ಇವತ್ತೇ ಬನ್ನಿ ಮಾರಾಯ್ರೆ."

"ನಾಳೆ ಖಂಡೇಪೂಜಾ ಅದರೀ. ಪಾನಾ, ಸ್ಕ್ರೂಡ್ರೈವರ್ ಎಲ್ಲಾ ತೊಳದು ಪೂಜಾಕ ಇಟ್ಟೀನಿ. ಇನ್ನ ದಸರಾ ಆಗೋ ತನಕ ಮುಟ್ಟಂಗಿಲ್ಲ."

ಅವನ ಪಾನಾಗಳಿಗೆ ಹಬ್ಬದ ರಜೆ ಸಿಕ್ಕಿತು. ನಮ್ಮ ಕಾರಿಗೆ ಸಿಗಲಿಲ್ಲ.

ಮರುದಿನ, ಆಯುಧ ಪೂಜೆಗೆ, ಬಿಸಿಲು ಬಂತು, ನೀರು ಇಳಿದಿತ್ತು. ಅತ್ತೆ ಮಡಿ ಸೀರೆಯುಟ್ಟು ಕೆಳಗಿಳಿದರು. ಕಾರಿಗೆ ಹಾರ, ಕುಂಕುಮ, ಆರತಿ ಎಲ್ಲ ಆಯಿತು. ಕುಂಬಳಕಾಯಿ ಒಡೆದರು. ಕೊನೆಗೆ ಮುಂದಿನ ಎರಡು ಚಕ್ರಗಳೆದುರು ಒಂದೊಂದು ನಿಂಬೆಹಣ್ಣಿಟ್ಟು ಮಗನನ್ನು ನೋಡಿದರು.

"ಚಾಲೂ ಮಾಡು."

"ಬೇಡ ಅತ್ತೆ, ಸೈದಪ್ಪ ಹೇಳಿದ್ದಾರೆ ಅಲ್ವಾ?" ಅಂದೆ.

"ನಿಂಬೆಹಣ್ಣಿನ ಮೇಲೆ ಹೋಗದಿದ್ರೆ ಅದೆಂತ ಪೂಜೆ? ಅರ್ಧ ಪೂಜೆ ಮಾಡಿದ್ರೆ ಇಡೀ ವರ್ಷ ಕಾಡ್ತದೆ. ಒಂದು ಗೇಣು ಹೋದ್ರೆ ಸಾಕು."

"ಪಪ್ಪಾ, ಮತ್ ಕರೋ. ಇಂಜಿನ್ ಜಾಯೇಗಾ," ಎಂದು ನಮ್ಮ ಮಗಳು ನಿಶ್ಮಿತಾ ಹಿಂದಿಯಲ್ಲಿ ಕೂಗಿದಳು, ಚಾಲೂ ಮಾಡಬೇಡಿ, ಇಂಜಿನ್ ಹಾಳಾಗುತ್ತದೆ ಅಂತ. ಅವಳಿಗೆ ಕನ್ನಡವೂ ತುಳುವೂ ಅರ್ಥವಾಗುತ್ತವೆ, ಸಿಟ್ಟು ಮಾತ್ರ ಹಿಂದಿಯಲ್ಲೇ ಬರುತ್ತದೆ.

ಇವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅಮ್ಮನನ್ನು ನೋಡಿದರು. ಆಮೇಲೆ ಹೋಗಿ ಕೂತು ಚಾವಿ ತಿರುಗಿಸಿದರು. ಕಾರು ಕೆಮ್ಮಿತು, ಮತ್ತೆ ಕೆಮ್ಮಿತು, ಕೊನೆಗೆ ಚಾಲೂ ಆಯಿತು. ಅತ್ತೆ ಕೈಮುಗಿದರು. ಕಾರು ಮುಂದಕ್ಕೆ ಸರಿಯಿತು. ಬಲಗಡೆಯ ನಿಂಬೆಹಣ್ಣು ಜಾರಿ ಉರುಳಿಹೋಯಿತು, ಎಡಗಡೆಯದು ಪಚಕ್ಕೆಂದು ಒಡೆಯಿತು. ಅದರ ಹಿಂದೆಯೇ ಬಾನೆಟ್ಟಿನ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಗಿ ಕಾರು ನಿಂತಿತು. ಆಮೇಲೆ ಎಷ್ಟು ತಿರುಗಿಸಿದರೂ ಚಾವಿಗೆ ಉತ್ತರವೇ ಇಲ್ಲ.

ಸಂಜೆ ಸೈದಪ್ಪನಿಗೆ ವಿಷಯ ತಿಳಿಸಿದಾಗ ಅವನು ಬೈಯಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಇನ್ಶೂರೆನ್ಸಿನವರಿಗೆ ತಿಳಿಸ್ರಿ," ಎಂದಷ್ಟೇ ಹೇಳಿದ. ಕಾರು ನೀರಲ್ಲಿ ನಿಂತು ಕೆಟ್ಟರೆ ನಮ್ಮ ಇನ್ಶೂರೆನ್ಸ್ ದುಡ್ಡು ಕೊಡುತ್ತದೆ. ನೀರು ಹೊಕ್ಕ ಮೇಲೆ ನಾವಾಗಿ ಚಾಲೂ ಮಾಡಿ ಕೆಡಿಸಿಕೊಂಡರೆ ಕೊಡುವುದಿಲ್ಲ. ಇಂಜಿನ್ ಬಿಚ್ಚಿ ಕಟ್ಟುವ ದುಡ್ಡು ನಮ್ಮ ಕೈಯಲ್ಲಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಇವರು ತಲೆ ಎತ್ತದೆಯೇ ಹೇಳಿದರು. "ಇನ್ಶೂರೆನ್ಸಿನ ಸರ್ವೇಯರ್ ಬಂದ್ರೆ ಯಾರೂ ಚಾಲೂ ಮಾಡ್ಲಿಲ್ಲ ಅಂತ ಹೇಳುವ. ಅಮ್ಮಾ, ನೀವೂ."

"ಪೂಜೆ ಆಗಿದೆಯಲ್ಲ ಮಗಾ," ಅಂದರು ಅತ್ತೆ.

"ಆಗ್ಲಿಲ್ಲ ಅಂತ ಹೇಳ್ಬೇಕು."

ಅತ್ತೆಯ ಕೈ ಅನ್ನದಲ್ಲೇ ನಿಂತಿತು. ನನಗೆ ಇವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಮಜ್ಜಿಗೆ ಬಡಿಸದೆ ಎದ್ದುಹೋದೆ. ಮಾಡುವುದನ್ನು ಮಾಡಿ ಈಗ ಮುದುಕಿಗೆ ಸುಳ್ಳಿನ ಪಾಠ!

ಇವರೇ ಹೋಗಿ ಹಾರ ತೆಗೆದರು, ಕುಂಕುಮ ಒರೆಸಿದರು, ಕಾರನ್ನು ತಳ್ಳಿ ಮೊದಲಿನ ಜಾಗಕ್ಕೆ ತಂದು ನಿಲ್ಲಿಸಿದರು. ಒಡೆದ ನಿಂಬೆಹಣ್ಣು ಮಾತ್ರ ಅಲ್ಲೇ ಉಳಿಯಿತು. ದೃಷ್ಟಿ ತೆಗೆದ ನಿಂಬೆಹಣ್ಣನ್ನು ನಮ್ಮಲ್ಲಿ ಕೈಯಿಂದ ಮುಟ್ಟುವುದಿಲ್ಲ, ದಾಟುವುದಿಲ್ಲ, ಕಾಲು ತಗಲಿಸುವ ಮಾತಂತೂ ಇಲ್ಲವೇ ಇಲ್ಲ. ರಸ್ತೆಯಲ್ಲಿ ಕಂಡರೂ ಅತ್ತೆ ನನ್ನ ರಟ್ಟೆ ಹಿಡಿದು ಆಚೆ ಎಳೆಯುತ್ತಾರೆ. "ಅದನ್ನು ತೆಗೀರಿ," ಎಂದು ಇವರಿಗೆ ಹೇಳಿದೆ. "ನಾನ್ಯಾಕೆ ಮುಟ್ಟಲಿ?" ಅಂದರು. ಸುಳ್ಳು ಹೇಳಲು ಹೆದರದವರು ನಿಂಬೆಹಣ್ಣಿಗೆ ಹೆದರಿದರು. ನಿಜ ಹೇಳುತ್ತೇನೆ, ನಾನೂ ಮುಟ್ಟಲಿಲ್ಲ.

ದಸರೆಯ ಮರುದಿನ ಸರ್ವೇಯರ್ ಬಂದ. ಮರಾಠಿಯವನು, ಮೃದುವಾದ ಮನುಷ್ಯ. ಸೈದಪ್ಪನೂ ಬಂದಿದ್ದ. ನಾವೆಲ್ಲ ಕಾರಿನ ಸುತ್ತ ನಿಂತೆವು. ಚಾಲೂ ಮಾಡಿದ್ದೀರಾ ಎಂದು ಅವನು ಕೇಳಿದಾಗ ಇವರು ಇಲ್ಲವೆಂದರು. ಕಳ್ಳನ ಮನಸ್ಸು ಹುಳ್ಳಗೆ ಅನ್ನುತ್ತಾರಲ್ಲ, ಹೇಳುವಾಗ ಇವರ ಕಣ್ಣು ತಾನಾಗಿ ಎಡಗಡೆಯ ಚಕ್ರದತ್ತ ಹೋಯಿತು. ಅಲ್ಲಿ ಆ ನಿಂಬೆಹಣ್ಣು, ಟಯರಿನ ಅಚ್ಚು ಹೊತ್ತು ಬಿದ್ದಿತ್ತು. ಸರ್ವೇಯರ್ ಫೋನಿನಲ್ಲಿ ಫೋಟೊ ತೆಗೆಯುತ್ತ ಬಲಗಡೆಯಿಂದ ಆ ಕಡೆಗೆ ಬರುತ್ತಿದ್ದ.

ಅತ್ತೆ ಚಪ್ಪಲಿ ಕಳಚಿದರು. ಏಕೆಂದು ನನಗೆ ತಿಳಿಯಲಿಲ್ಲ. ಮೆಲ್ಲಗೆ ಎರಡು ಹೆಜ್ಜೆ ನಡೆದು ಚಕ್ರದ ಪಕ್ಕ ನಿಂತು, ಬರಿಗಾಲನ್ನು ನಿಂಬೆಹಣ್ಣಿನ ಮೇಲಿಟ್ಟು, ಸೀರೆಯ ನೆರಿಗೆ ಇಳಿಬಿಟ್ಟರು. ಪೂಜೆಗಿಟ್ಟ ಹಣ್ಣನ್ನು ಚಪ್ಪಲಿಯಲ್ಲಿ ತುಳಿಯಬಾರದೆಂದು ಆ ಹೊತ್ತಿನಲ್ಲೂ ಅವರಿಗೆ ನೆನಪಿತ್ತು.

"ಆಜೀ, ಪೂಜಾ ಝಾಲೀ ಕಾ? ಗಾಡಿ ಚಾಲೂ ಕೇಲೀ?" ಎಂದು ಅವನು ನಗುತ್ತ ಕೇಳಿದ, ಪೂಜೆ ಆಯಿತಾ, ಗಾಡಿ ಚಾಲೂ ಮಾಡಿದಿರಾ ಅಂತ.

"ನಾಹೀ ಬಾಬಾ," ಅಂದರು ಅತ್ತೆ, ತಮ್ಮ ಹರಕು ಮರಾಠಿಯಲ್ಲಿ. "ಗಾಡಿ ಚಾಲೂ ನಾಹೀ ಝಾಲೀ. ಪೂಜಾ ಅರ್ಧೀಚ್ ರಾಹಿಲೀ."

ಗಾಡಿ ಚಾಲೂ ಆಗಲಿಲ್ಲ, ಪೂಜೆ ಅರ್ಧಕ್ಕೇ ನಿಂತಿತೆಂದು ತಮ್ಮ ಬಾಯಿಂದಲೇ ಹೇಳಿದರು. ಇಷ್ಟು ವರ್ಷ ಅವರ ಜೊತೆ ಜಗಳವಾಡಿಕೊಂಡೇ ಬಾಳಿದವಳು ನಾನು, ಆ ಗಳಿಗೆಯಲ್ಲಿ ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು.

ಸರ್ವೇಯರ್ ಬರೆದುಕೊಂಡ. ಕಾರನ್ನು ಕಲ್ಯಾಣಕ್ಕೆ ಎಳೆದೊಯ್ದರು. ಎರಡು ದಿನದ ಮೇಲೆ ಅವನ ಎದುರಲ್ಲೇ ಸೈದಪ್ಪ ಇಂಜಿನ್ ಬಿಚ್ಚಿದ. ಒಂದು ಪಿಸ್ಟನ್ ಒಡೆದಿತ್ತು, ಅದನ್ನು ಎತ್ತಿ ಇಳಿಸುವ ರಾಡು ಬಾಗಿತ್ತು, ವಾಲ್ವ್‌ಗಳೂ ಸೊಟ್ಟಗಾಗಿದ್ದವು. ಸರ್ವೇಯರ್ ಬಾಗಿದ ರಾಡನ್ನು ಕೈಯಲ್ಲಿ ಹಿಡಿದು ಇವರ ಮುಖ ನೋಡಿದ. ನಿಂತ ಇಂಜಿನ್ನಿನಲ್ಲಿ ನೀರು ತುಂಬಿದರೆ ತುಕ್ಕು ಹಿಡಿಯುತ್ತದೆ, ಹೀಗೆ ಬಾಗುವುದಿಲ್ಲ, ಓಡುವ ಪಿಸ್ಟನ್ ನೀರಿಗೆ ಗುದ್ದಿದರೆ ಮಾತ್ರ ಬಾಗುತ್ತದೆ ಎಂದ. ದನಿ ಎತ್ತಲಿಲ್ಲ. "ಆಜೀಲಾ ಕಶಾಲಾ ಖೋಟಂ ಬೋಲಾಯಲಾ ಲಾವಲಂ?" ಎಂದು ಕೇಳಿ ಹೊರಟುಹೋದ. ಅಜ್ಜಿಯ ಬಾಯಲ್ಲಿ ಏಕೆ ಸುಳ್ಳು ಹೇಳಿಸಿದಿರಿ? ಇನ್ಶೂರೆನ್ಸಿನ ದುಡ್ಡು ಬರಲಿಲ್ಲ.

ರಿಪೇರಿಗೆ ಸೈದಪ್ಪ ಹೇಳಿದ ಮೊತ್ತಕ್ಕೆ ಹಳೆಯ ಕಾರೇ ಒಂದು ಬರುತ್ತಿತ್ತು. ನಾವು ಟೆಂಪೊ ಹಿಡಿದು ನಾಲ್ಕು ದಿನ ತಿಂಡಿ ಒಯ್ದೆವು, ಅದರಲ್ಲಿ ಎರಡು ದಿನ ತಡವಾಯಿತು. ಮಹಾಪೆಯ ಕ್ಯಾಂಟೀನು ಬೇರೆಯವರ ಪಾಲಾಯಿತು.

ಆ ಸುದ್ದಿ ಬಂದ ದಿನ ಅತ್ತೆ ಊಟಕ್ಕೆ ಬರಲಿಲ್ಲ. ಹುಡುಕಿದರೆ ಬಚ್ಚಲಲ್ಲಿ ಮಣೆ ಹಾಕಿ ಕೂತು, ತೆಂಗಿನ ನಾರಿನಿಂದ ಬಲಗಾಲನ್ನು ಉಜ್ಜುತ್ತಿದ್ದರು. ನಿಂಬೆಹಣ್ಣು ತುಳಿದಂದಿನಿಂದ ದಿನಾ ಉಜ್ಜುತ್ತಿದ್ದರಂತೆ, ನಾನು ನೋಡಿರಲಿಲ್ಲ. ಅಂಗಾಲು ಕೆಂಪಾಗಿ, ಒಂದೆಡೆ ರಕ್ತ ಜಿನುಗುತ್ತಿತ್ತು.

"ನಾನು ತುಳಿದದ್ದಕ್ಕೇ ಹೀಗಾದ್ದು ಮಾರಾಯ್ತಿ," ಅಂದರು. "ಕ್ಯಾಂಟೀನ್ ಹೋದದ್ದು ಅದಕ್ಕೇ."

ತುಳಿದದ್ದಕ್ಕಲ್ಲ, ಚಾಲೂ ಮಾಡಿಸಿದ್ದಕ್ಕೆ. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಈ ಮನೆಗೆ ಬಂದಾಗಿನಿಂದ ಅವರೆದುರು ನಾನು ಗೆದ್ದದ್ದೇ ಇಲ್ಲ. ಈಗ ಗೆಲುವು ಕೈಗೆ ಸಿಕ್ಕಿತ್ತು.

"ನೀವು ತುಳೀಲೇ ಇಲ್ಲ ಅತ್ತೆ," ಅಂದೆ. "ಕಾಲು ಪಕ್ಕದಲ್ಲಿತ್ತು. ಮುಚ್ಚಿದ್ದು ಬರೀ ಸೀರೆ."

"ನೀನು ಸರಿ ನೋಡಿದ್ದೀಯಾ?"

"ಹತ್ತಿರವೇ ನಿಂತಿದ್ದೆ ಅಲ್ವಾ? ಸರೀ ನೋಡಿದ್ದೇನೆ."

ಅವರು ನಾರನ್ನು ಕೆಳಗಿಟ್ಟು, ತೊಳೆಯಲೆಂದು ಕಾಲನ್ನು ನನ್ನ ಕಡೆಗೆ ಚಾಚಿದರು.