ಹಾಲು ಉಕ್ಕದ ಮನೆ

ಹೊರಮಾವಿನಲ್ಲಿ ವಸಂತ್ ಕಟ್ಟಿಸಿದ ಮನೆಗೆ ಹೊರಗಿನಿಂದ ಬಣ್ಣ ಬಳಿದು ಎರಡು ವರ್ಷವಾಗಿದ್ದರೂ ಗೃಹಪ್ರವೇಶದ ಸುದ್ದಿಯೇ ಇರಲಿಲ್ಲ. ಹಾಲು ಉಕ್ಕಿಸದ ಮನೆಯಲ್ಲಿ ಒಂದು ರಾತ್ರಿಯೂ ಮಲಗುವುದಿಲ್ಲವೆಂದು ಅವನ ತಾಯಿ ದೊಡ್ಡಮುನಿಯಮ್ಮ ಪಕ್ಕದ ಶೀಟಿನ ಮನೆಯಲ್ಲೇ ಉಳಿದಿದ್ದಳು. ಹಾಲು ಉಕ್ಕಿಸಬೇಕಾದವಳು ಸಿಗಲಿ ಎಂದು ಮಗ ಹಟ ಹಿಡಿದಿದ್ದ. ಕೊನೆಗೂ ಆ ಭಾನುವಾರ ಬೆಳಿಗ್ಗೆ ಅವಳು ಬಂದು ಆಟೊ ಇಳಿದಳು.

ಇಳಿದ ತೇಜಶ್ರೀಗೆ ಮೊದಲು ಕಂಡದ್ದು ಗೇಟು. ಹಸಿರು ಬಣ್ಣ, ನಡುವೆ ಕಬ್ಬಿಣದ ಎರಡು ನವಿಲು. ಹಿಂದೆ ದುಂಡನೆಯ ಬಾಲ್ಕನಿ, ಕಂಬಕ್ಕೆ ಹಬ್ಬಿಸಿದ ಕಾಗದದ ಹೂವಿನ ಬಳ್ಳಿ. ಇಂದಿರಾನಗರದ ಆ ಮನೆಯನ್ನೇ ಎತ್ತಿ ತಂದು ಇಲ್ಲಿಟ್ಟಿದ್ದ ಪುಣ್ಯಾತ್ಮ.

ಹದಿನೆಂಟು ವರ್ಷದ ಹಿಂದೆ ಆ ಮನೆಗೆ ವಸಂತ್ ದಿನಾ ಬೆಳಿಗ್ಗೆ ಮೊಪೆಡ್ಡಿನಲ್ಲಿ ವರ್ತನೆ ಹಾಲು ತರುತ್ತಿದ್ದ. ಪಾತ್ರೆ ಹಿಡಿದು ಗೇಟಿಗೆ ಬರುತ್ತಿದ್ದವಳು ತೇಜಶ್ರೀ. ಮನೆಯ ಮಗಳೆಂದೇ ಅವನು ತಿಳಿದ. ಅವಳ ತಾಯಿ ಮುನಿಲಕ್ಷ್ಮಮ್ಮ ಅಲ್ಲಿ ಮುಸುರೆ ತಿಕ್ಕುತ್ತಿದ್ದಳು. ತಾಯಿ ಮಗಳು ಹಿತ್ತಲ ಕೋಣೆಯಲ್ಲಿದ್ದರು. "ನಿಮ್ಮನೆ ಎಷ್ಟು ಚೆನ್ನಾಗಿದೆ ಮೇಡಂ" ಎಂದು ಅವನೆಂದಾಗ ಅವಳು ನಕ್ಕು ಸುಮ್ಮನಾದಳು. ಹತ್ತೊಂಬತ್ತರ ಹುಡುಗಿಗೆ ಮೊದಲ ಬಾರಿ ಯಾರಾದರೂ ಮೇಡಂ ಅಂದರೆ, ಅಲ್ಲ ಅನ್ನಲು ಬಾಯಾದರೂ ಹೇಗೆ ಬಂದೀತು? "ಇಂಥದೇ ಮನೆ ಕಟ್ಸಿ ಬಂದು ಕೇಳಿದ್ರೆ ನಿಮ್ಮನ್ನ ಕೊಡ್ತಾರಾ?" ಎಂದು ಕೇಳಿದಾಗಲೂ ಅವಳು, "ಮೊದ್ಲು ಕಟ್ಸಿ, ನೋಡೋಣ" ಅಂದಿದ್ದಳು. ಮೂರೇ ತಿಂಗಳಲ್ಲಿ ಯಜಮಾನರು ಆ ಮನೆ ಮಾರಿದರು. ತಾಯಿ ಮಗಳು ಹೊಸ ತಿಪ್ಪಸಂದ್ರ ಸೇರಿದರು. ವಸಂತನ ರಾಗಿ ಹೊಲ ಮಾರಾಟವಾಗಿ ಅದರ ಮೇಲೆ ಅಪಾರ್ಟ್‌ಮೆಂಟುಗಳೆದ್ದವು, ಅವನ ಕೈಗೆ ದುಡ್ಡು ಬಂತು.

ಕಳೆದ ತಿಂಗಳು ತಾಯಿಯ ರವಿಕೆ ಹೊಲಿಸಲು ಬಂದ ಅವನು ಹೊಲಿಗೆ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತಿದ್ದ ಅವಳನ್ನು ದನಿಯಿಂದಲೇ ಗುರುತು ಹಿಡಿದ. "ಬೊಟಿಕ್ ಇಟ್ಕೊಂಡಿದೀರಾ ಮೇಡಂ?" ಎಂದ. ಅವಳು ಅದಕ್ಕೂ ಸುಮ್ಮನಿದ್ದಳು. ಮದುವೆಯಾಗಿಲ್ಲವೆಂದು ಗೊತ್ತಾದಾಗ ಅವನ ಮುಖ ಅರಳಿದ್ದನ್ನು ನೋಡಿದ ಮೇಲಂತೂ ನಿಜ ಹೇಳಲು ಮನಸ್ಸೇ ಬರಲಿಲ್ಲ. "ಮನೆ ಕಟ್ಸಿ ಕಾಯ್ತಿದೀನಿ, ಬಂದು ನೋಡಿ" ಎಂದು ಅವನು ಕರೆದ. ಮೂವತ್ತೇಳು ವರ್ಷದಲ್ಲಿ ಅವಳಿಗಾಗಿ ಯಾರೂ ಹೀಗೆ ಕಾದಿರಲಿಲ್ಲ. ಅವನು ಬೇಕು ಅನಿಸಿತ್ತು. ಮನೆಯೂ ಬೇಕು ಅನಿಸಿತ್ತು, ಅದರಲ್ಲೇನು ಮುಚ್ಚುಮರೆ.

"ಬನ್ನಿ ಮೇಡಂ" ಎಂದು ವಸಂತ್ ಬಾಗಿಲು ತೆಗೆದ.

ಒಳಗೆ ಏನೂ ಇರಲಿಲ್ಲ. ನೆಲಕ್ಕೆ ಬರೀ ಸಿಮೆಂಟು. ಕೋಣೆಗಳಿಲ್ಲ, ಮೆಟ್ಟಿಲಿಲ್ಲ, ನಾಲ್ಕು ಗೋಡೆಗಳ ನಡುವೆ ಬರಿಯ ಬಯಲು.

"ಗೇಟಿಂದ ಕಂಡಿದ್ದಷ್ಟೂ ಕಟ್ಸಿದೀನಿ," ಎಂದ ಅವನು ಸಂಕೋಚದಿಂದ. "ಒಳಗಡೆ ನಾನು ಯಾವತ್ತೂ ಬಂದಿರ್ಲಿಲ್ವಲ್ಲ. ನೀವು ಬರೆದು ತೋರ್ಸಿ. ದೇವರ ಮನೆ ಎಲ್ಲಿತ್ತು, ನಿಮ್ಮ ರೂಮ್ ಯಾವ ಕಡೆ ಇತ್ತು, ಎಲ್ಲಾನೂ. ಹಂಗೇ ಮಾಡಿಸ್ತೀನಿ." ಅವಳ ಕೈಗೆ ಒಂದು ಸೀಮೆಸುಣ್ಣ ಕೊಟ್ಟ.

ಏನು ಬರೆದರೂ ಅವನು ನಂಬುತ್ತಿದ್ದ. ಇಲ್ಲಿ ದೇವರ ಮನೆ, ಅಲ್ಲಿ ನನ್ನ ರೂಮು ಎಂದು ನಾಲ್ಕು ಗೆರೆ ಎಳೆದರೆ ಸಾಕು, ಅವಳ ಬಾಳು ದಡ ಸೇರುತ್ತಿತ್ತು. ಅವಳು ಕುಕ್ಕರುಗಾಲಲ್ಲಿ ಕೂತಳು. ಕೈ ತನಗೆ ತಿಳಿದದ್ದನ್ನೇ ಪುಟ್ಟ ನಕ್ಷೆಯಾಗಿ ಬರೆಯಿತು. ಹಿಂದಿನ ಗೋಡೆಗೆ ಅಂಟಿದಂತೆ ಅಡುಗೆಮನೆ, ಅದರ ಹಿಂಬಾಗಿಲು, ಆಚೆಗೆ ನಲ್ಲಿ, ಮುಸುರೆ ಕಲ್ಲು, ಅದರ ಪಕ್ಕ ಇಬ್ಬರು ಕಾಲು ಚಾಚಿದರೆ ತುಂಬಿಹೋಗುವ ಕೋಣೆ. ಆಮೇಲೆ ಕೈ ನಿಂತಿತು.

"ಇದು ಕೆಲಸದವರ ರೂಮಲ್ವಾ?" ಎಂದ ವಸಂತ್.

"ನಾನೂ ನಮ್ಮಮ್ಮನೂ ಇದ್ದಿದ್ದು ಅಲ್ಲೇ. ಅಮ್ಮ ಅಲ್ಲಿ ಮುಸುರೆ ತಿಕ್ಕೋರು. ನಡುಮನೆಗೆ ನಾವು ಕಾಲಿಟ್ಟಿಲ್ಲ. ನಂಗೆ ಗೊತ್ತಿರೋದು ಇಷ್ಟೇ."

ಅವನು ಬೈಯಲಿ ಎಂದು ಅವಳು ಕಾದಳು. ಹೋಗ್ಲಿ ಬಿಡು ಎಂದು ನಗಲಿ ಎಂದೂ ಕಾದಳು. ಒಂದೇ ಒಂದು ಸಲ ಹೆಸರು ಹಿಡಿದು ಕರೆದಿದ್ದರೂ ಅವಳು ಅಲ್ಲೇ ಅತ್ತುಬಿಡುತ್ತಿದ್ದಳು. ಅವನು ಆ ಬಿಳಿ ಗೆರೆಗಳನ್ನೇ ನೋಡುತ್ತಿದ್ದ.

"ಹಂಗಾದ್ರೆ," ಎಂದ ಕಡೆಗೆ, "ಆ ಮನೇಲಿ ಬೇರೆ ಹುಡುಗಿ ಯಾರೂ ಇರ್ಲಿಲ್ವಾ?"

ತೇಜಶ್ರೀಗೆ ಸಿಟ್ಟು ಬರಲಿಲ್ಲ. "ಇಲ್ಲ. ಅವರಿಗೆ ಇಬ್ರೂ ಗಂಡುಮಕ್ಳು."

ಸಾವಿನ ಸುದ್ದಿ ಕೇಳಿದವನ ಹಾಗೆ ಅವನು ತಲೆಯಾಡಿಸಿದ. ಅವಳು ಸೀಮೆಸುಣ್ಣವನ್ನು ನೆಲದ ಮೇಲಿಟ್ಟು ಎದ್ದಳು. ಹಳೆಯ ರೂಢಿಗೆ ಕಾಲು ಹಿಂಬಾಗಿಲು ಇರಬೇಕಿದ್ದ ಕಡೆ ಹೊರಟಿತು. ತಡೆದು ತಿರುಗಿದಳು. ನಡುಮನೆಯಾಗಬೇಕಿದ್ದ ಜಾಗವನ್ನು ದಾಟಿ ಮುಂಬಾಗಿಲಿನಿಂದಲೇ ಹೊರಗೆ ಬಂದಳು.

ಶೀಟಿನ ಮನೆಯ ಮುಂದೆ ದೊಡ್ಡಮುನಿಯಮ್ಮ ಹೊಸ ಹಾಲಿನ ಪಾತ್ರೆಯನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದಳು. ಅವಳು ತೊಟ್ಟಿದ್ದು ತೇಜಶ್ರೀಯೇ ಹೊಲಿದ ರವಿಕೆ.

"ಯಾವತ್ತು ಉಕ್ಸೋದು ಅಂತ ಮಾತಾಡ್ಕೊಂಡ್ರಾ ತಾಯಿ?"

ತೇಜಶ್ರೀ ಗೇಟಿನ ನವಿಲಿನ ಮೇಲೆ ಕೈಯಿಟ್ಟು ಕ್ಷಣ ನಿಂತಳು. ಒಳಗಿನಿಂದ ಯಾರೂ ಬರಲಿಲ್ಲ.

"ನಂಗೋಸ್ಕರ ಕಾಯ್ಬೇಡಿ ಅಮ್ಮ," ಎಂದಳು. "ನೀವೇ ಉಕ್ಸಿ."