ಇನ್ನೂರ ಹನ್ನೆರಡನೇ ಸಂಖ್ಯೆಯ ಬೋಗುಣಿ

ಮೂರನೆಯ ಗೆರೆಗೂ ನಾಲ್ಕನೆಯದಕ್ಕೂ ನಡುವೆ ಅವಳು ಅಳತೆಪಟ್ಟಿ ಹಿಡಿದಿದ್ದಾಗಲೇ ಮೇಲಿನಿಂದ ಒಂದು ಹಿಡಿ ಸುಣ್ಣದ ಪುಡಿ ತಲೆಯ ಮೇಲೆ ಉದುರಿತು.

“ಸ್ವಲ್ಪ ಪಕ್ಕಕ್ಕೆ ಸರೀರಿ ಮೇಡಂ,” ಏಣಿಯ ಮೇಲಿದ್ದ ಗಾರೆಯವನು ನಕ್ಕ. “ಈಗ ನಿಮ್ಮನ್ನೂ ಗಾಜಿನ ಪೆಟ್ಟಿಗೇಲಿ ಇಡಬಹುದು, ಹಾಗೆ ಕಾಣ್ತಿದೀರ.”

ಅವಳು ತಲೆ ಕೊಡವಿಕೊಂಡು, ತೆರೆದಿಟ್ಟ ಗಾಜಿನ ಪೆಟ್ಟಿಗೆಯಲ್ಲಿದ್ದ ಬೋಗುಣಿಯ ಮೇಲೆ ಮತ್ತೆ ಬಾಗಿದಳು. ಆ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಜೋಡಿಸುವುದರಿಂದ ಹಿಡಿದು ಗೋಡೆಗೆ ಅಂಗೈ ಇಟ್ಟು ತೇವ ನೋಡುವವರೆಗೆ ಎಲ್ಲವೂ ಅವಳ ಕೆಲಸ. ಶಾಲೆಗಳಿಗೆ ಹೋಗಿ ಮಕ್ಕಳನ್ನು ಕರೆತರುವವಳೂ ಅವಳೇ, ಬಾಗಿಲ ಬಳಿ ಪ್ರಶ್ನೆಪೆಟ್ಟಿಗೆ ಇಟ್ಟವಳೂ ಅವಳೇ. ಪೆಟ್ಟಿಗೆಗೆ ಬಿದ್ದ ಪ್ರತಿ ಚೀಟಿಗೂ ಸೋಮವಾರದೊಳಗೆ ಉತ್ತರ ಬರೆದು ಹಲಗೆಗೆ ಅಂಟಿಸಬೇಕು. ಅದು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಈ ವಾರದ್ದೊಂದು ಚೀಟಿ ಮಾತ್ರ ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು. ಯಾರೋ ಹುಡುಗಿ ದುಂಡು ಅಕ್ಷರದಲ್ಲಿ ಬರೆದಿದ್ದಳು: ‘ಬೋಗುಣಿಯ ಗೆರೆಗಳು ಹೊತ್ತು ಅಳೆಯಲಿಕ್ಕೆ ಇದ್ದವಾದರೆ ಅವು ಸಮವಾಗಿ ಯಾಕಿಲ್ಲ?’

ಹೌದಲ್ಲ! ಒಂಬತ್ತು ವರ್ಷ ದಿನಾ ನೋಡಿಯೂ ತನಗೇಕೆ ಹೊಳೆಯಲಿಲ್ಲ?

ಇನ್ನೂರ ಹನ್ನೆರಡನೇ ಸಂಖ್ಯೆಯ ಆ ಹಿತ್ತಾಳೆ ಬೋಗುಣಿ ಅವಳ ಸೋದರಮಾವನ ಹೆಮ್ಮೆ. ಅವಳಿಗಿಂತ ಮುಂಚೆ ಇದೇ ಕುರ್ಚಿಯಲ್ಲಿ ಹದಿಮೂರು ವರ್ಷ ಕೂತವರು, ಅವಳಿಗೆ ಕೆಲಸ ಕಲಿಸಿದವರು ಅವರು. ಫಲಕದ ಬರಹವೂ ಅವರದೇ: ‘ಪ್ರಾಚೀನ ಜಲಗಡಿಯಾರ. ಒಳಗಿನ ಐದು ವೃತ್ತಗಳು ಕಾಲಗಣನೆಗೆ. ಅಂಚಿನ ಮೂರು ತಗ್ಗುಗಳು ದಿನದ ಮೂರು ಭಾಗಗಳನ್ನು ಸೂಚಿಸುತ್ತಿರಬಹುದು.’ ಸೋಮವಾರ ಹೊಸ ಪ್ರದರ್ಶನದ ಉದ್ಘಾಟನೆ. ಮಾವ ಬಂದು ಈ ಬೋಗುಣಿಯ ಬಗ್ಗೆಯೇ ಮಾತಾಡುವವರಿದ್ದರು.

“ಇಲ್ಲಿ ಬಾ,” ಅವಳು ಗಾರೆಯವನನ್ನು ಕರೆದಳು. “ಈ ಬಿಳಿ ಗೆರೆ ಏನು ಹೇಳು ನೋಡೋಣ.”

ಅವನು ಇಳಿದು ಬಂದು ಬಗ್ಗಿ ನೋಡಿದ. “ಸುಣ್ಣ. ಸೋರಿದ ನೀರು ನಿಂತು ಒಣಗಿದ್ರೆ ಹೀಗೇ ಕಟ್ಟುತ್ತೆ. ಮೇಲೆ ನೋಡಿ, ಹಳೇ ತೇಪೆ. ಈ ಗಾಜಿನ ಪೆಟ್ಟಿಗೆ ಸರಿಯಾಗಿ ಅದರ ಕೆಳಗೇ ಇದೆ.”

ಅವಳು ಕತ್ತೆತ್ತಿ ನೋಡಿದಳು. ಆಮೇಲೆ ಬೋಗುಣಿ ನೋಡಿದಳು.

ಕಿಟಕಿ ಒರೆಸುತ್ತಿದ್ದ, ಎಲ್ಲರೂ ಅಕ್ಕ ಎಂದೇ ಕರೆಯುವ ಕೆಲಸದಾಕೆಯ ಕೈ ನಿಂತದ್ದು ಆಗಲೇ ಅವಳ ಕಣ್ಣಿಗೆ ಬಿತ್ತು. ಅರವತ್ತು ದಾಟಿದ ಅಕ್ಕ ಅಲ್ಲಿ ಗುಡಿಸಲು ಶುರುಮಾಡಿದ್ದು ಮಾವ ಬರುವುದಕ್ಕೂ ಮುಂಚೆ. ಗಾರೆಯವನು ಚಹಾಕ್ಕೆ ಹೋಗುವವರೆಗೂ ಅವಳು ಕಾದಳು.

“ಅಕ್ಕಾ, ಇದರ ಬಗ್ಗೆ ನಿನಗೇನಾದರೂ ಗೊತ್ತಾ?”

“ಗೊತ್ತಿಲ್ಲದೆ ಏನು? ನಮ್ಮಮ್ಮಂದು ಅದು.” ಅಕ್ಕ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದಳು. “ಚಾವಣಿ ಸೋರ್ತಿತ್ತು, ಇಲ್ಲಿ ಬಕೆಟ್ಟೂ ಇರಲಿಲ್ಲ. ಮನೆಯಿಂದ ತಂದಿಟ್ಟೆ. ಐದು ಮಳೆಗಾಲ. ಆರನೇ ವರ್ಷ ಮಗಳ ಬಾಣಂತನಕ್ಕೆ ಅಂತ ಹೋದೆ. ವಾಪಸ್ ಬರೋದ್ರೊಳಗೆ ಚಾವಣಿಗೆ ತೇಪೆ ಬಿತ್ತು, ಬೋಗುಣಿಗೆ ನಂಬರ್ ಬಿತ್ತು. ವಸ್ತು ಎಣಿಸೋಕೆ ಬಂದೋರು ಕೋಣೇಲಿ ಇದ್ದದ್ದಕ್ಕೆಲ್ಲ ಬಣ್ಣದಲ್ಲಿ ಬರೆದು ಹೋಗಿದ್ರು.”

“ಕೇಳಲಿಲ್ವಾ ನೀನು?”

“ಕೇಳಿದೆನಮ್ಮ. ನಿಮ್ಮ ಮಾವ ಆವತ್ತೇ ಬೇರೆ ಊರಿಂದ ವರ್ಗವಾಗಿ ಬಂದಿದ್ರು, ಅವರಿಗೇನು ಗೊತ್ತು ಪಾಪ. ‘ಸಂಖ್ಯೆ ಬಿದ್ದದ್ದು ಹೊರಗೆ ಹೋಗೋ ಹಾಗಿಲ್ಲಮ್ಮ’ ಅಂದ್ರು. ಇನ್ನೊಂದು ಸಲ ಕೇಳಿದ್ರೆ ಕೆಲಸ ಹೋದೀತು ಅಂತ ಸುಮ್ಮನಾದೆ.”

“ಈ ಮೂರು ತಗ್ಗು?”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ನಮ್ಮಮ್ಮ ಊಟಕ್ಕೆ ಕರೆಯೋಕೆ ಸೌಟಿಂದ ಬಡೀತಿದ್ಲು. ಮೂರು ಜನ ಮಕ್ಕಳು, ಒಬ್ಬೊಬ್ಬರಿಗೂ ಒಂದೊಂದು ಏಟು. ಬಾರದಿದ್ರೆ ಆಮೇಲೆ ಬೆನ್ನಿಗೆ.” ನಗು ನಿಂತಿತು. “ಇಪ್ಪತ್ತೆರಡು ವರ್ಷದಿಂದ ಗಾಜಿನ ಮೇಲೇ ಒರೆಸ್ತಿದೀನಿ. ಬೂದಿ ಹಾಕಿ ಒಂದೇ ಒಂದು ಸಲ ತಿಕ್ಕಬೇಕು ಅಂತ ಕೈ ತುರಿಸುತ್ತೆ. ಇರಲಿ ಬಿಡು, ನಮ್ಮನೇಲಿದ್ದಿದ್ರೆ ಯಾವತ್ತೋ ಗುಜರಿಗೆ ಹೋಗ್ತಿತ್ತು.”

ಇರಲಿ ಬಿಡು ಎನ್ನುವ ಮಾತನ್ನು ಹೆಂಗಸರು ಯಾವಾಗ ಆಡುತ್ತಾರೆಂದು ಅವಳಿಗೆ ಗೊತ್ತಿತ್ತು. ತಾನೂ ಮನೆಯಲ್ಲಿ ಎಷ್ಟೋ ಸಲ ಆಡಿದ್ದಳು.

ತನ್ನ ಕೋಣೆಗೆ ಬಂದು ದಾಖಲೆ ಪುಸ್ತಕ ತೆರೆದಳು. ಇನ್ನೂರ ಹನ್ನೆರಡು. ‘ವಸ್ತು ಬಂದ ಬಗೆ’ ಎಂಬ ಅಂಕಣ ಖಾಲಿ. ಮೊದಲ ಪುಟದಲ್ಲಿ ಮಾವನ ಮುದ್ದಾದ ಕೈಬರಹ: ‘ಸಂಖ್ಯೆಯುಳ್ಳ ವಸ್ತು ಹೊರಗೆ ಹೋಗಕೂಡದು. ಎರವಲು ತಂದದ್ದನ್ನು ಮಾತ್ರ ಕೇಳಿದ ದಿನವೇ ಹಿಂತಿರುಗಿಸತಕ್ಕದ್ದು.’

ಕೇಳಿದ ದಿನ ಕಳೆದು ಇಪ್ಪತ್ತೆರಡು ವರ್ಷವಾಗಿತ್ತು.

ಅಷ್ಟರಲ್ಲಿ ಮಾವನ ಫೋನ್ ಬಂತು. “ಬೋಗುಣಿ ಚೆನ್ನಾಗಿ ಕಾಣೋ ಹಾಗೆ ಇಟ್ಟಿದೀಯ ತಾನೇ, ಮಗಳೇ?”

“ಅದನ್ನೇ ನೋಡ್ತಿದ್ದೆ ಮಾವ.”

“ಭೇಷ್. ನಾನು ಏನು ಹೇಳಿಕೊಟ್ಟಿದ್ದೆ? ಮೊದಲು ವಸ್ತು ನೋಡು, ಆಮೇಲೆ ಫಲಕ ಓದು.”

“ಮರೆತಿಲ್ಲ ಮಾವ,” ಎಂದು ಫೋನ್ ಇಟ್ಟಳು. ಈ ವಯಸ್ಸಿನಲ್ಲಿ ಆ ಮನುಷ್ಯ ಜನರೆದುರು ಸಣ್ಣಗಾಗುವುದು ಅವಳಿಗೆ ಬೇಡವಾಗಿತ್ತು. ಆದರೆ ಆ ಹುಡುಗಿಗೆ ಸುಳ್ಳು ಉತ್ತರ ಬರೆಯುವುದೂ ಆಗದು. ಮಾವನಿಗೆ ಭಾನುವಾರ ಮನೆಗೇ ಹೋಗಿ ಹೇಳಿದರಾಯಿತು, ಕಲಿಸಿದವರು, ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳದಿದ್ದರೂ ಸರಿಯೇ.

ಖಾಲಿ ಅಂಕಣದಲ್ಲಿ ‘ಎರವಲು’ ಎಂದು ಬರೆದಳು. ಪಕ್ಕದಲ್ಲಿ ಅಕ್ಕನ ಹೆಸರು, ಇಪ್ಪತ್ತೆರಡು ವರ್ಷದ ಹಿಂದಿನ ಇಸವಿ. ಶಾಯಿ ಆರುವವರೆಗೆ ಊದಿ, ಪುಸ್ತಕ ಮುಚ್ಚಿದಳು.

ಹೊರಗೆ ಅಕ್ಕ ಗಾರೆಯವನನ್ನು ಗದರುತ್ತಿದ್ದಳು: “ಒರೆಸಿದ ನೆಲದ ಮೇಲೇ ಕಾಲಿಡಬೇಕಾ ನೀನು?”

ಅವಳು ಬೀರುವಿನಿಂದ ಒಂದು ಬಟ್ಟೆಯ ಚೀಲ ತೆಗೆದು, ಬೋಗುಣಿಯ ಅಗಲಕ್ಕೆ ಸರಿಹೋಗುತ್ತದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡಿದಳು.